ಯೂಸರ್ ಯಾವ ಗ್ರೂಪ್‌ಗಳಲ್ಲಿದ್ದಾರೆ? ಸಿ ಭಾಷೆಯಲ್ಲಿ ಹುಡುಕುವ ಬಗೆ

ಲಿನಕ್ಸ್‌ನಲ್ಲಿ ‘ಈ ಯೂಸರ್ ಯಾವ ಯಾವ ಗ್ರೂಪ್‌ಗಳಲ್ಲಿದ್ದಾರೆ’ ಎಂದು ಕೇಳಿದರೆ, ಅದರೊಳಗೆ ಎರಡು ಬೇರೆ ಪ್ರಶ್ನೆಗಳಿರುತ್ತವೆ. ಈಗ ಓಡುತ್ತಿರುವ ಪ್ರೋಸೆಸ್ ಹತ್ತಿರ ಯಾವ ಗ್ರೂಪ್‌ಗಳಿವೆ ಎಂಬುದು ಒಂದು. ಆ ಯೂಸರ್ ಹೆಸರಿಗೆ ಸಿಸ್ಟಮ್‌ನ ದಾಖಲೆಯಲ್ಲಿ ಯಾವ ಗ್ರೂಪ್‌ಗಳಿವೆ ಎಂಬುದು ಇನ್ನೊಂದು. ಮೊದಲನೆಯದನ್ನು ಕರ್ನಲ್‌ಗೆ ಕೇಳಬೇಕು, ಎರಡನೆಯದನ್ನು ಸಿ ಲೈಬ್ರರಿಗೆ. ಇವೆರಡನ್ನು ಬೇರೆ ಮಾಡಿಕೊಂಡರೆ ಈ ವಿಷಯದ ಮುಕ್ಕಾಲು ಗೊಂದಲ ಹೋಗುತ್ತದೆ.

ವ್ಯತ್ಯಾಸವನ್ನು ಟರ್ಮಿನಲ್‌ನಲ್ಲೇ ನೋಡಬಹುದು. ಯೂಸರ್‌ಮಾಡ್ ಕಮಾಂಡ್ ಬಳಸಿ ನಿಮ್ಮನ್ನು ಡಾಕರ್ ಗ್ರೂಪ್‌ಗೆ ಸೇರಿಸಿಕೊಳ್ಳಿ. ಆಮೇಲೆ ಐಡಿ ಕಮಾಂಡನ್ನು ಸುಮ್ನೆ ಹಾಗೇ ಓಡಿಸಿ. ಹೊಸ ಗ್ರೂಪ್ ಕಾಣುವುದಿಲ್ಲ. ಈಗ ಐಡಿ ಮುಂದೆ ನಿಮ್ಮ ಯೂಸರ್ ಹೆಸರು ಬರೆದು ಓಡಿಸಿ, ಕಾಣುತ್ತದೆ! ಹೆಸರಿಲ್ಲದಾಗ ಐಡಿ ತನ್ನದೇ ಪ್ರೋಸೆಸ್‌ನ ಗ್ರೂಪ್‌ಗಳನ್ನು ತೋರಿಸುತ್ತದೆ, ಹೆಸರು ಕೊಟ್ಟಾಗ ದಾಖಲೆ ನೋಡುತ್ತದೆ. ಪ್ರೋಸೆಸ್‌ಗೆ ಗ್ರೂಪ್‌ಗಳು ಅಂಟುವುದು ಲಾಗಿನ್ ಹೊತ್ತಿನಲ್ಲಿ. ಅಲ್ಲಿಂದ ಹುಟ್ಟುವ ಪ್ರತಿ ಪ್ರೋಸೆಸ್‌ಗೂ ಅದೇ ಪಟ್ಟಿ ಬರುತ್ತದೆ. ಹಾಗಾಗಿ ಹೊಸ ಟರ್ಮಿನಲ್ ಕಿಟಕಿ ತೆರೆದರೆ ಸಾಲದು, ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು.

ಪ್ರೋಸೆಸ್‌ನ ಪಟ್ಟಿ ಬೇಕಿದ್ದರೆ ಗೆಟ್‌ಗ್ರೂಪ್ಸ್ ಕರೆಯಿರಿ. ಅಳತೆಯ ಜಾಗದಲ್ಲಿ 0 ಕೊಟ್ಟರೆ ಎಷ್ಟು ಗ್ರೂಪ್ ಇವೆ ಎಂದಷ್ಟೇ ಹೇಳುತ್ತದೆ. ಅಷ್ಟು ಜಾಗ ತೆಗೆದುಕೊಂಡು ಎರಡನೇ ಸಲ ಕರೆದರೆ ಆಯಿತು. ಆದರೆ ಎಫೆಕ್ಟಿವ್ ಗ್ರೂಪ್ (ಅನುಮತಿ ನೋಡುವಾಗ ಪ್ರೋಸೆಸ್‌ನ ಮುಖ್ಯ ಗ್ರೂಪ್ ಎಂದು ಲೆಕ್ಕಕ್ಕೆ ಬರುವುದು) ಈ ಪಟ್ಟಿಯಲ್ಲಿ ಇರಲೇಬೇಕು ಎಂದು ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪೋಸಿಕ್ಸ್ ಹೇಳುವುದಿಲ್ಲ. ಗೆಟ್‌ಇಜಿಐಡಿ ಕರೆದು ಅದನ್ನೂ ಸೇರಿಸಿಕೊಳ್ಳಿ.

ಎರಡನೇ ಪ್ರಶ್ನೆಯೇ ಜಾಸ್ತಿ ಕೆಲಸ ಕೊಡುವುದು. /ಇಟಿಸಿ/ಗ್ರೂಪ್ ಫೈಲ್ ತೆರೆದು, ಸಾಲು ಸಾಲಾಗಿ ಓದಿ, ಹೆಸರು ಹುಡುಕಿದರೆ ಮುಗಿಯಿತಲ್ವಾ ಎಂದು ಅನಿಸುತ್ತದೆ. ಮುಗಿಯುವುದಿಲ್ಲ. ಯೂಸರ್‌ನ ಪ್ರೈಮರಿ ಗ್ರೂಪ್, ಅಂದರೆ ಅವರ ಮೂಲ ಗ್ರೂಪ್, ಇರುವುದು /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲಿನ ನಾಲ್ಕನೇ ಫೀಲ್ಡ್‌ನಲ್ಲಿ. ಗ್ರೂಪ್ ಫೈಲಿನಲ್ಲಿ ಆ ಗ್ರೂಪ್‌ನ ಸದಸ್ಯರ ಪಟ್ಟಿಯಲ್ಲಿ ಯೂಸರ್ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಎಂದರೆ ಎಷ್ಟೋ ಕಾಲೇಜು, ಕಚೇರಿಗಳಲ್ಲಿ ಯೂಸರ್‌ಗಳು ಈ ಫೈಲ್‌ಗಳಲ್ಲೇ ಇರುವುದಿಲ್ಲ, ಯೂಸರ್‌ಗಳ ದಾಖಲೆಯನ್ನು ನೆಟ್‌ವರ್ಕ್ ಮೂಲಕ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಕೊಡುವ ಎಲ್‌ಡ್ಯಾಪ್ ಸರ್ವರ್‌ನಲ್ಲಿರುತ್ತಾರೆ. ಎಲ್ಲಿ ಹುಡುಕಬೇಕು ಎಂಬುದು /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್‌ನಲ್ಲಿ ಬರೆದಿರುತ್ತದೆ. ಸಿ ಲೈಬ್ರರಿ ಅದನ್ನು ನೋಡಿಯೇ ಹುಡುಕುತ್ತದೆ. ನಾವೇ ಬರೆದ ಫೈಲ್ ಓದುವ ಕೋಡ್‌ಗೆ ಅದು ಗೊತ್ತಾಗುವುದಿಲ್ಲ.

ಆದ್ದರಿಂದ ಇಲ್ಲಿ ಬಳಸಬೇಕಾದದ್ದು ಗೆಟ್‌ಗ್ರೂಪ್‌ಲಿಸ್ಟ್. ಮೊದಲು ಗೆಟ್‌ಪಿಡಬ್ಲ್ಯೂನ್ಯಾಮ್‌ನಿಂದ ಯೂಸರ್‌ನ ಪ್ರೈಮರಿ ಗ್ರೂಪ್ ನಂಬರ್ ತೆಗೆದುಕೊಳ್ಳಿ. ಕರೆಯುವ ಮೊದಲು ತಪ್ಪಿನ ನಂಬರ್ ಕೂರುವ ಎರ್‌ನೋ ವೇರಿಯಬಲನ್ನು 0 ಮಾಡಿರಿ. ಇಲ್ಲದಿದ್ದರೆ ನಲ್ ಬಂದಾಗ ಯೂಸರ್ ಇಲ್ಲವೋ, ಹುಡುಕಾಟವೇ ಕೆಟ್ಟಿತೋ ಎಂದು ಹೇಳಲಾಗದು. ಥ್ರೆಡ್‌ಗಳಿರುವ ಪ್ರೋಗ್ರಾಮ್ ಆದರೆ ಇದರ ಅಂಡರ್‌ಸ್ಕೋರ್ ಆರ್ ರೂಪವನ್ನೇ ಬಳಸಿ, ಏಕೆಂದರೆ ಮಾಮೂಲಿ ರೂಪ ಎಲ್ಲರಿಗೂ ಒಂದೇ ಸ್ಟ್ಯಾಟಿಕ್ ಜಾಗದಲ್ಲಿ ಉತ್ತರ ಬರೆಯುತ್ತದೆ.

ಗೆಟ್‌ಗ್ರೂಪ್‌ಲಿಸ್ಟ್‌ಗೆ ನಾಲ್ಕು ಸಂಗತಿ ಕೊಡಬೇಕು: ಯೂಸರ್ ಹೆಸರು, ಆ ಪ್ರೈಮರಿ ಗ್ರೂಪ್, ಉತ್ತರ ತುಂಬಲು ಒಂದು ಅರೇ, ಅರೇಯ ಅಳತೆ ಇರುವ ವೇರಿಯಬಲ್‌ನ ಪಾಯಿಂಟರ್. ನೀವು ಕೊಟ್ಟ ಪ್ರೈಮರಿ ಗ್ರೂಪನ್ನೂ ಅದು ಉತ್ತರದಲ್ಲಿ ಸೇರಿಸುತ್ತದೆ. ಅರೇ ಚಿಕ್ಕದಾದರೆ -1 ಬರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಸಿ ಲೈಬ್ರರಿ ಜಿಲಿಬ್‌ಸಿ ಆಗ ಬೇಕಾದ ಸಂಖ್ಯೆಯನ್ನು ಅದೇ ವೇರಿಯಬಲ್‌ನಲ್ಲಿ ಬರೆದುಕೊಡುತ್ತದೆ. ಮ್ಯಾಕ್‌ಓಎಸ್‌ನಲ್ಲಿ ಇದನ್ನು ನಂಬುವಂತಿಲ್ಲ, ಅಲ್ಲಿ ಅರೇಯ ಟೈಪ್ ಕೂಡ ಬೇರೆ. ಹಾಗಾಗಿ ನನ್ನ ಸಲಹೆ ಇಷ್ಟು: ಒಂದು ಲೂಪ್ ಬರೆಯಿರಿ. -1 ಬಂದಾಗ, ಬಂದ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಿದ್ದರೆ ಅಷ್ಟು ಜಾಗ ಮಾಡಿ, ಇಲ್ಲವಾದರೆ ಜಾಗವನ್ನು ಎರಡು ಪಟ್ಟು ಮಾಡಿ, ಮತ್ತೆ ಕರೆಯಿರಿ. ಎರಡು ಕರೆಗಳ ನಡುವೆ ಯಾರಾದರೂ ಯೂಸರ್‌ನ್ನು ಹೊಸ ಗ್ರೂಪ್‌ಗೆ ಸೇರಿಸಿದರೂ ಲೂಪ್ ಸುಧಾರಿಸಿಕೊಳ್ಳುತ್ತದೆ. 32 ಜಾಗದ ಅರೇ ಇಟ್ಟು ಸುಮ್ಮನಾಗಬೇಡಿ. ಆ ಮಿತಿ ಹಳೆಯ ಕರ್ನಲ್‌ಗಳದ್ದು. 2.6.4ರಿಂದ ಲಿನಕ್ಸ್‌ನಲ್ಲಿ ಒಂದು ಪ್ರೋಸೆಸ್‌ಗೆ 65,536 ಗ್ರೂಪ್‌ಗಳವರೆಗೆ ಇರಬಹುದು.

ಸಿಗುವುದು ಬರೀ ನಂಬರ್‌ಗಳು. ಹೆಸರು ಬೇಕಾದರೆ ಒಂದೊಂದನ್ನೂ ಗೆಟ್‌ಜಿಆರ್‌ಜಿಐಡಿಗೆ ಕೊಡಿ. ಹೆಸರು ಸಿಗದಿದ್ದರೆ ನಂಬರನ್ನೇ ತೋರಿಸಿ.

ಬೇರೆ ಭಾಷೆಗಳ ಮಾತಿಗೆ ಬಂದರೆ, ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಈ ಹುಡುಕಾಟ ಇಲ್ಲ. ನಿಕ್ಸ್ ಎಂಬ ಕ್ರೇಟ್ (ರಸ್ಟ್‌ನ ಲೈಬ್ರರಿ ಪ್ಯಾಕೇಜ್) ಮೇಲಿನ ಕರೆಗಳನ್ನೇ ಸುತ್ತಿ ಕೊಡುತ್ತದೆ. ಗೋ ಭಾಷೆಯಲ್ಲಿ ಓಎಸ್/ಯೂಸರ್ ಪ್ಯಾಕೇಜಿನ ಗ್ರೂಪ್‌ಐಡಿಸ್ ಇದೆ. ಗೋದಿಂದ ಸಿ ಕೋಡ್ ಕರೆಯಲು ಬಿಡುವ ಸಿಗೋ ಸೌಲಭ್ಯವನ್ನು ಆಫ್ ಮಾಡಿ ಬಿಲ್ಡ್ ಮಾಡಿದರೆ ಅದು /ಇಟಿಸಿಯ ಫೈಲ್‌ಗಳನ್ನು ಮಾತ್ರ ಓದುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಕಂಡು, ಎಲ್‌ಡ್ಯಾಪ್ ಇರುವ ಸರ್ವರ್‌ನಲ್ಲಿ ಯೂಸರ್ ಸಿಗದೇ ಹೋದರೆ ಮೊದಲು ಇದನ್ನೇ ನೋಡಿ.

ಇನ್ನೊಂದು ಮುಖ್ಯ ವಿಷಯ. ಈ ಯೂಸರ್ ಆ ಫೈಲ್ ತೆರೆಯಬಹುದೇ ಎಂದು ತಿಳಿಯಲು ಗ್ರೂಪ್ ಪಟ್ಟಿ ಹಿಡಿದು ನೀವೇ ಲೆಕ್ಕ ಹಾಕಬೇಡಿ. ಫೈಲಿಗೆ ಸೇರಿಸುವ ಹೆಚ್ಚುವರಿ ಅನುಮತಿ ಪಟ್ಟಿಯಾದ ಎಸಿಎಲ್, ಕರ್ನಲ್‌ನ ಹೆಚ್ಚುವರಿ ಭದ್ರತಾ ನಿಯಮಗಳ ವ್ಯವಸ್ಥೆಯಾದ ಎಸ್‌ಇಲಿನಕ್ಸ್‌ನಂಥವು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ರೂಟ್ ಆಗಿ ಓಡುವ ಪ್ರೋಗ್ರಾಮ್ ಆದರೆ ಒಂದು ಚೈಲ್ಡ್ ಪ್ರೋಸೆಸ್ ಹುಟ್ಟಿಸಿ, ಅದು ಆ ಯೂಸರ್ ಆಗಿ ಬದಲಾಗಿ ಫೈಲ್ ತೆರೆಯಲಿ, ತೀರ್ಮಾನ ಕರ್ನಲ್‌ನದಾಗಲಿ. ಬದಲಾಗುವಾಗ ಮೊದಲು ಇನಿಟ್‌ಗ್ರೂಪ್ಸ್ (ಗ್ರೂಪ್ ಪಟ್ಟಿಗೆ), ಆಮೇಲೆ ಸೆಟ್‌ಜಿಐಡಿ (ಪ್ರೈಮರಿ ಗ್ರೂಪ್‌ಗೆ), ಕೊನೆಗೆ ಸೆಟ್‌ಯುಐಡಿ (ಯೂಸರ್‌ಗೆ). ಸೆಟ್‌ಯುಐಡಿ ಮೊದಲೇ ಕರೆದರೆ ಗ್ರೂಪ್ ಬದಲಿಸುವ ಅಧಿಕಾರವೇ ಹೋಗಿರುತ್ತದೆ, ಉಳಿದೆರಡು ಕರೆಗಳು ಸೋಲುತ್ತವೆ. ಅವುಗಳ ಉತ್ತರ ನೋಡದೆ ಮುಂದೆ ಹೋದರೆ, ಪ್ರೋಸೆಸ್ ಹೊಸ ಯೂಸರ್ ಹೆಸರಿನಲ್ಲಿ ಓಡುತ್ತಿದ್ದರೂ ಅದರ ಕೈಯಲ್ಲಿ ರೂಟ್‌ನ ಗ್ರೂಪ್‌ಗಳು ಹಾಗೇ ಉಳಿದಿರುತ್ತವೆ.