ಮೋಟರ್ ಆಮೇಲೆ, ಮೊದಲು ಡಯಲ್ ಇಡಿ

ಮೈಸೂರಿನ ಕುವೆಂಪುನಗರದಿಂದ ಒಬ್ಬರು ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ದರು. ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವರು. ಈಗ ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಪುಟ್ಟ ಲೇತ್, ತಿರುಗುವ ಕಟರಿನಿಂದ ಲೋಹ ಕಡಿಯುವ ಒಂದು ಪುಟ್ಟ ಮಿಲ್ಲಿಂಗ್ ಮಷೀನ್ ಇಟ್ಟುಕೊಂಡು ಸ್ಟೀಮ್ ಎಂಜಿನ್ನಿನ ಮಾಡೆಲ್ ಮಾಡುತ್ತಾರೆ. ತಿಂಗಳಿಗೊಮ್ಮೆಯಾದರೂ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ ಹಳೆ ಎಂಜಿನ್ನುಗಳ ಮುಂದೆ ನಿಂತು ಚಿತ್ರ ಬರೆದುಕೊಂಡು ಬರುವಷ್ಟು ಪ್ರೀತಿ.

"ಸಾರ್, ಮಿಲ್ಲಿಂಗ್ ಮಷೀನನ್ನ ಸಿಎನ್‌ಸಿ ಮಾಡಿ ಕಂಪ್ಯೂಟರ್ ಕೈಲೇ ಓಡಿಸಿಬಿಡೋಣ ಅಂತಿದ್ದೀನಿ. ಸ್ಟೆಪ್ಪರ್ ಮೋಟರ್ ಯಾವುದು ತಗೊಳ್ಳಲಿ?"

"ಯಾಕೆ ಮೇಷ್ಟ್ರೇ, ಈಗ ಏನು ತೊಂದರೆ?"

"ಫಿನಿಶ್ ಬರ್ತಿಲ್ಲ. ಸ್ಟೀಮ್ ಚೆಸ್ಟಿನ ಮುಖಕ್ಕೆ ಫ್ಲೈ ಕಟರ್ ಎರಡು ಸಲ ಓಡಿಸಿದ್ರೆ ಮಧ್ಯೆ ಒಂದು ಗೆರೆ. ಉಗುರು ಆಡಿಸಿದ್ರೆ ತಾಗತ್ತೆ. ಗ್ಯಾಸ್ಕೆಟ್ ಹಾಕಿದ್ರೂ ಸೋರತ್ತೆ."

ಸ್ಟೀಮ್ ಚೆಸ್ಟ್ ಅಂದರೆ ಎಂಜಿನ್ನಿನಲ್ಲಿ ಉಗಿ ತುಂಬುವ ಪೆಟ್ಟಿಗೆ. ಫ್ಲೈ ಕಟರ್ ಅಂದರೆ ಅಗಲವಾಗಿ ಸುತ್ತಿ ಮುಖ ಸಮ ಮಾಡುವ ಒಂಟಿ ಹಲ್ಲಿನ ಕಟರ್. ಮೋಟರ್ ಮಾತು ಆಮೇಲೆ ಆಡೋಣ, ಭಾನುವಾರ ನಾನೇ ಬರ್ತೀನಿ ಅಂದೆ. ಟೂಲ್ ರೂಮಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವ ಮಾತು ಒಂದೇ. ಮಷೀನು ಎಲ್ಲಿ ಅಲುಗುತ್ತಿದೆ ಅಂತ ಅಳೆಯದೆ ಒಂದು ರೂಪಾಯಿಯ ಸಾಮಾನೂ ತರಬಾರದು.

ನಾನು ಕೈ ಪಳಗಿಸಿಕೊಂಡದ್ದು ಎಚ್‌ಎಂಟಿ ಮಿಲ್ಲಿಂಗ್ ಮಷೀನಿನ ಮೇಲೆ. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಆ ಕಾರ್ಖಾನೆಯ ಮಷೀನುಗಳು ಇವತ್ತಿಗೂ ಪೀಣ್ಯದ ಎಷ್ಟೋ ಶೆಡ್ಡುಗಳಲ್ಲಿ ಓಡುತ್ತಿವೆ. ಅವುಗಳ ತೂಕ ಟನ್ನಿನ ಲೆಕ್ಕದಲ್ಲಿ. ಮೇಷ್ಟ್ರ ಮಷೀನು ಇಬ್ಬರು ಎತ್ತಿ ಮೇಜಿನ ಮೇಲಿಡುವಂಥದ್ದು, ಸುಮಾರು 60 ಕೆಜಿ. ಅದೇ ಕಟರ್ ಅಷ್ಟೇ ಕಬ್ಬಿಣ ಕಡಿಯುವಾಗ ತಳ್ಳುವ ಬಲ ಎರಡಕ್ಕೂ ಒಂದೇ. ದೊಡ್ಡ ಮಷೀನಿನ ಬೀಡುಕಬ್ಬಿಣ ಅದನ್ನು ನುಂಗಿಕೊಳ್ಳುತ್ತದೆ. ಚಿಕ್ಕದು ಬಾಗುತ್ತದೆ. ಎಲ್ಲಿ ಬಾಗುತ್ತದೆ ಅನ್ನುವುದನ್ನು ಹುಡುಕುವುದೇ ಅಪ್‌ಗ್ರೇಡಿನ ಮೊದಲ ಕೆಲಸ.

ಕಟರ್ ಹಿಡಿದು ತಿರುಗುವ ದಂಡ ಸ್ಪಿಂಡಲ್, ಅದು ಇರುವ ಪೆಟ್ಟಿಗೆ ಹೆಡ್, ಹೆಡ್ಡನ್ನು ಹೊತ್ತ ಕಂಬ ಕಾಲಮ್. ಕಡಿಯುವ ತುಂಡು, ಅಂದರೆ ಜಾಬ್, ಕೂರುವುದು ಟೇಬಲ್ ಮೇಲೆ. ಟೇಬಲಿನ ಅಡಿ ಸ್ಯಾಡಲ್, ಅದರಡಿ ಬೇಸ್. ಅವತ್ತು ಹೀಗೆ ಮಾಡಿದೆವು. ಟೇಬಲ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್ ಇಟ್ಟು, ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜಿನ ಮೂತಿಯನ್ನು ಸ್ಪಿಂಡಲಿಗೆ ತಾಗಿಸಿ ಸೊನ್ನೆ ಮಾಡಿದೆ. "ಈಗ ಹೆಡ್ಡನ್ನ ಒಂದೇ ಕೈಯಲ್ಲಿ ಹಿಂದಕ್ಕೆ ತಳ್ಳಿ" ಅಂದೆ. ಬಾಗಿಲು ತಳ್ಳುವಷ್ಟೇ ಬಲ ಹಾಕಿದರು. ಮುಳ್ಳು 0.09 ಮಿ.ಮೀ. ಹೋಯಿತು. ಕೈ ಬಿಟ್ಟರೆ ವಾಪಸ್ ಸೊನ್ನೆಗೆ ಬರಲಿಲ್ಲ, 0.03ರಲ್ಲಿ ನಿಂತಿತು. ಮೇಷ್ಟ್ರು ಇನ್ನೊಮ್ಮೆ ತಳ್ಳಿದರು, ಮತ್ತೊಮ್ಮೆ ತಳ್ಳಿದರು. ಆಮೇಲೆ ಮಾತಾಡಲಿಲ್ಲ. ಫಿಸಿಕ್ಸ್ ಮೇಷ್ಟ್ರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿದ ಕಬ್ಬಿಣ ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಬರಲಿಲ್ಲ ಅಂದರೆ ಅದು ಬಾಗಿದ್ದಲ್ಲ, ಎಲ್ಲೋ ಜಾರಿದ್ದು.

ಎಲ್ಲಿ ಅಂತ ತಿಳಿಯಲು ಡಯಲನ್ನು ಒಂದೊಂದು ಜೋಡಣೆಗೂ ಸರಿಸುತ್ತಾ ಹೋದೆ. ಹೆಡ್ಡು ಮತ್ತು ಕಾಲಮಿನ ನಡುವೆ ಸ್ವಲ್ಪ. ಸ್ಯಾಡಲ್ ಮತ್ತು ಬೇಸಿನ ನಡುವೆ ಸ್ವಲ್ಪ. ಜಾಸ್ತಿ ಇದ್ದದ್ದು ಕಾಲಮಿನ ಬುಡದಲ್ಲಿ. ಈ ಜಾತಿಯ ಚಿಕ್ಕ ಮಷೀನಿನಲ್ಲಿ ಕಾಲಮನ್ನು ಎಡಕ್ಕೆ ಬಲಕ್ಕೆ ವಾಲಿಸಬಹುದು. ಅದಕ್ಕಾಗಿ ಇಡೀ ಕಾಲಮನ್ನು ಹಿಂದಿನಿಂದ ಒಂದೇ ಒಂದು ದಪ್ಪ ನಟ್ ಹಿಡಿದುಕೊಂಡಿರುತ್ತದೆ. ವಾಲಿಸುವ ಸೌಕರ್ಯವನ್ನು ಮನೆಯಲ್ಲಿ ಯಾರೂ ಬಳಸಿದ್ದನ್ನು ನಾನು ನೋಡಿಲ್ಲ. ಅದಕ್ಕೆ ಕೊಡುವ ಬೆಲೆ ಮಾತ್ರ ದಿನಾ ಕೊಡುತ್ತಿರುತ್ತೇವೆ.

ಹೆಡ್ ಇಳಿಸಿ, ನಟ್ ಬಿಚ್ಚಿ, ಕಾಲಮನ್ನು ಇಬ್ಬರೂ ಸೇರಿ ಮಲಗಿಸಿದೆವು. ಎರಡು ಮುಖ ಕೂರುವ ಜಾಗದಲ್ಲಿ ದಪ್ಪನಾದ ಪೇಂಟ್ ಇತ್ತು! ಒಂದು ಮೂಲೆಯಲ್ಲಿ ಕಾಸ್ಟಿಂಗಿನ ಮರಳೂ ಅಂಟಿಕೊಂಡಿತ್ತು. ಪೇಂಟ್ ಮೇಲೆ ಕೂತ ಕಾಲಮ್ ಅಂದರೆ ರಬ್ಬರಿನ ಮೇಲೆ ಕೂತ ಹಾಗೆ, ಎಷ್ಟು ಬಿಗಿ ಮಾಡಿದರೂ ಅಷ್ಟೇ. ಪೇಂಟ್ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಅಂಚಿನಲ್ಲಿ ಎದ್ದಿದ್ದ ಚೂಪು ಬರ್‌ಗಳನ್ನು ಆಯಿಲ್ ಸ್ಟೋನಿನಲ್ಲಿ ಉಜ್ಜಿದೆವು. ಒಂದು ಮುಖಕ್ಕೆ ತೆಳ್ಳಗೆ ಬ್ಲೂ, ಅಂದರೆ ತಾಗಿದ ಕಡೆ ಗುರುತು ಬಿಡುವ ನೀಲಿ ಬಣ್ಣ, ಹಚ್ಚಿ, ಎರಡನ್ನೂ ಕೂರಿಸಿ ತೆಗೆದು ನೋಡಿದರೆ ಎರಡೇ ಮೂಲೆಯಲ್ಲಿ ಬಣ್ಣ ಹತ್ತಿತ್ತು. ಎತ್ತರ ಇದ್ದ ಕಡೆ ಸ್ಕ್ರೇಪರಿನಿಂದ ಕೆರೆಯುವುದು, ಮತ್ತೆ ಬ್ಲೂ ನೋಡುವುದು. ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ಸಂಜೆಗೆ ನಾಲ್ಕೂ ಮೂಲೆಯಲ್ಲಿ ಬಣ್ಣ ಬಂತು. ಇಷ್ಟಕ್ಕೆ ಆದ ಖರ್ಚು ಅರ್ಧ ಲೀಟರ್ ಸೀಮೆಎಣ್ಣೆ.

ಆಮೇಲೆ ಜಿಬ್. ಟೇಬಲ್, ಸ್ಯಾಡಲ್, ಹೆಡ್ ಮೂರಕ್ಕೂ ಪಕ್ಕದಲ್ಲಿ ಜಾರುವ ಸಂದಿನ ಸಡಿಲ ತೆಗೆಯಲು ಒಂದೊಂದು ಉದ್ದನೆಯ ಪಟ್ಟಿ ಇರುತ್ತದಲ್ಲ, ಅದು. ಅದನ್ನು ಹೊರಗೆ ತೆಗೆದು ನೋಡಿ. ಚಿಕ್ಕ ಮಷೀನುಗಳಲ್ಲಿ ಜಾರುವ ಮುಖದ ಮೇಲೆಯೇ ಮಿಲ್ಲಿಂಗ್ ಗೆರೆಗಳು ಒರಟಾಗಿ ಉಳಿದಿರುತ್ತವೆ. ಗಾಜಿನ ಹಲಗೆಯ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಪಟ್ಟಿಯನ್ನು ಸಮನಾಗಿ ಉಜ್ಜಿ. ಮತ್ತೆ ಕೂರಿಸಿ, ಸ್ಕ್ರೂಗಳನ್ನು ನಡುವಿನಿಂದ ಶುರು ಮಾಡಿ ಒಂದೊಂದೇ ಬಿಗಿ ಮಾಡಿ. ಹ್ಯಾಂಡಲ್ ತುಸು ಭಾರ ಅನಿಸಬೇಕು, ಕೈ ಸೋಲಬಾರದು. ಸ್ಲೈಡಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆಯನ್ನೇ ಹಾಕಿ. ಹೊಲಿಗೆ ಮಷೀನಿನ ಎಣ್ಣೆ ತೀರಾ ತೆಳು.

ಈಗ ಉಗುರಿಗೆ ತಾಗುತ್ತಿದ್ದ ಗೆರೆಯ ವಿಷಯಕ್ಕೆ ಬರೋಣ. ಸ್ಪಿಂಡಲ್ ಟೇಬಲಿಗೆ ನೇರವಾಗಿ ನಿಂತಿದೆಯಾ ಅಂತ ನೋಡುವುದಕ್ಕೆ ಟ್ರಾಮ್ ಮಾಡುವುದು ಅನ್ನುತ್ತೇವೆ. ಸ್ಪಿಂಡಲಿಗೆ ಡಯಲ್ ಕಟ್ಟಿ, ಕೈಯಲ್ಲಿ ತಿರುಗಿಸಿ, ಟೇಬಲಿನ ಮೇಲೆ ಒಂದು ಸುತ್ತು ಹಾಕಿಸಬೇಕು. ಚಿಕ್ಕ ಟೇಬಲಿನಲ್ಲಿ ಎರಡು ಕಷ್ಟ. ಅಗಲ ಸಾಲದು, ಮತ್ತೆ ಟೇಬಲಿನ ಉದ್ದಕ್ಕೂ ಇರುವ ಟಿ ಸ್ಲಾಟ್ ಅನ್ನುವ ಸೀಳಿನಲ್ಲಿ ಡಯಲ್ ಮೂತಿ ಬೀಳುತ್ತದೆ. ಗುಜರಿಯಿಂದ ಒಂದು ದೊಡ್ಡ ಬೇರಿಂಗಿನ ಹೊರ ರಿಂಗ್ ತಂದು ಟೇಬಲ್ ಮೇಲೆ ಇಡಿ. ಅದರ ಎರಡು ಮುಖ ಗ್ರೈಂಡ್ ಆಗಿರುತ್ತವೆ, ಎಲ್ಲ ಕಡೆ ಒಂದೇ ದಪ್ಪ. ನನ್ನ ಚೀಲದಲ್ಲಿ ಅಂಥದ್ದೊಂದು ಯಾವಾಗಲೂ ಇರುತ್ತದೆ.

ಮೇಷ್ಟ್ರ ಮಷೀನಿನಲ್ಲಿ ಎಡ ಬಲ ಪರವಾಗಿಲ್ಲ ಅನ್ನುವಂತಿತ್ತು. ಹಿಂದೆ ಮುಂದೆ 150 ಮಿ.ಮೀ. ಸುತ್ತಿನಲ್ಲಿ 0.06 ವ್ಯತ್ಯಾಸ. ಕಡಿಮೆ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ. ಅವರ ಫ್ಲೈ ಕಟರ್ 50 ಮಿ.ಮೀ. ಸುತ್ತು ಕಡಿಯುತ್ತದೆ. 150ಕ್ಕೆ 0.06 ಆದರೆ 50ಕ್ಕೆ 0.02. ಅಂದರೆ ಕಟರಿನ ಹಿಂದಿನ ಅಂಚಿಗಿಂತ ಮುಂದಿನ ಅಂಚು 20 ಮೈಕ್ರಾನ್ ಕೆಳಗೆ. ಎಡದಿಂದ ಬಲಕ್ಕೆ ಒಂದು ಸಲ ಓಡಿಸಿ, ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ಓಡಿಸಿದರೆ ಎರಡೂ ಸೇರುವ ಕಡೆ ಅಷ್ಟೇ ಎತ್ತರದ ಮೆಟ್ಟಿಲು. ಉಗುರಿಗೆ ತಾಗಿದ್ದು ಅದೇ 20 ಮೈಕ್ರಾನ್. ಇದನ್ನು ಯಾವ ಕಂಪ್ಯೂಟರಿಗೆ ಜೋಡಿಸಿದರೂ ಆ ಮೆಟ್ಟಿಲು ಬಂದೇ ಬರುತ್ತದೆ.

ಇದಕ್ಕೆ ಮದ್ದು ಶಿಮ್, ಅಂದರೆ ಸಂದಿಗೆ ಕೊಡುವ ತೆಳು ತಗಡು. ಕಾಲಮ್ ಕೂರುವ ಮುಖ 100 ಮಿ.ಮೀ. ಇತ್ತು. 150ಕ್ಕೆ 0.06 ಅಂದರೆ 100ಕ್ಕೆ 0.04. ಸಂದಿ ಅಳೆಯುವ ಹಳೆ ಫೀಲರ್ ಗೇಜಿನಿಂದ 0.04ರ ಎಲೆ ಕತ್ತರಿಸಿ ಒಂದು ತುದಿಗೆ ಕೊಟ್ಟೆವು. ಅಡುಗೆಮನೆಯ ಫಾಯಿಲನ್ನು ಮಡಿಸಿ ಇಡಬೇಡಿ, ಮಡಿಕೆ ಸ್ಪ್ರಿಂಗಿನ ಹಾಗೆ ಆಡುತ್ತದೆ. ಶಿಮ್ ಕೊಟ್ಟು ಟ್ರಾಮ್ ಸರಿಯಾದ ಮೇಲೆ, ಕಾಲಮಿನ ಬೆನ್ನಿಗೂ ಬೇಸಿಗೂ ಸೇರಿಸಿ 12 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಕೂರಿಸಿ, ಎಂ8 ಟ್ಯಾಪ್ ಹಾಕಿ ಆಲನ್ ಬೋಲ್ಟುಗಳಲ್ಲಿ ಹಿಡಿಸಿದೆವು. ಒಂದೊಂದು ಬೋಲ್ಟ್ ಬಿಗಿ ಮಾಡುವಾಗಲೂ ಡಯಲ್ ನೋಡುತ್ತಿರಬೇಕು. ಪ್ಲೇಟ್ ಸರಿಯಾಗಿ ಕೂರದಿದ್ದರೆ ಅದೇ ಕಾಲಮನ್ನು ಎಳೆದುಬಿಡುತ್ತದೆ. ಒಂದು ಬೋಲ್ಟಿನಲ್ಲಿ ಹಾಗೇ ಆಯಿತು. ಬಿಚ್ಚಿ, ಪ್ಲೇಟಿನ ಆ ಮೂಲೆಯನ್ನು ಅರದಲ್ಲಿ ತಿಕ್ಕಿ, ಮತ್ತೆ ಹಾಕಿದೆವು.

ಮತ್ತೆ ಅದೇ ಕೈ, ಅದೇ ಬಲ. ಮುಳ್ಳು 0.03 ಹೋಗಿ ಸೊನ್ನೆಗೆ ವಾಪಸ್ ಬಂತು.

ಇನ್ನು ಟೇಬಲ್ ಸರಿಸುವ ಸ್ಕ್ರೂವಿನ ಪ್ಲೇ. ಹ್ಯಾಂಡಲನ್ನು ಒಂದು ಕಡೆ ತಿರುಗಿಸುತ್ತಿದ್ದು ದಿಕ್ಕು ಬದಲಿಸಿದರೆ, ಟೇಬಲ್ ಅಲುಗುವ ಮೊದಲು ಹ್ಯಾಂಡಲ್ ಖಾಲಿ ತಿರುಗುತ್ತದೆ. ಮೇಷ್ಟ್ರ ಟೇಬಲಿನಲ್ಲಿ ಅದು 0.22 ಮಿ.ಮೀ. ಎಲ್ಲರೂ ಕೂಡಲೇ ಸ್ಕ್ರೂವಿನ ನಟ್ ಸವೆದಿದೆ ಅನ್ನುತ್ತಾರೆ. ಡಯಲನ್ನು ಸ್ಕ್ರೂವಿನ ತುದಿಗೇ ಇಟ್ಟು ನೋಡಿ. ಇಲ್ಲಿ ಸ್ಕ್ರೂ ತಾನೇ 0.13 ಹಿಂದೆ ಮುಂದೆ ಜರುಗುತ್ತಿತ್ತು. ತುದಿಯ ಕಾಲರ್ ಸಡಿಲ ಇತ್ತು, ಅಷ್ಟೇ. ಅಲ್ಲಿ ಉದ್ದಕ್ಕೆ ತಳ್ಳುವ ಬಲವನ್ನು ತಡೆಯುವ ಎರಡು ಚಿಕ್ಕ ಥ್ರಸ್ಟ್ ಬೇರಿಂಗ್ ಕೂರಿಸಿದ ಮೇಲೆ ನಟ್‌ದು ಮಾತ್ರ ಉಳಿಯಿತು, 0.09.

ಪ್ಲೇ ಇರುವ ಮಷೀನಿನಲ್ಲಿ ಡೌನ್ ಮಿಲ್ಲಿಂಗ್, ಅಂದರೆ ಕಟರ್ ಹಲ್ಲು ಫೀಡಿನ (ಟೇಬಲ್ ಸರಿಯುವ) ದಿಕ್ಕಿಗೇ ಕಡಿಯುವುದು, ಮಾಡಬೇಡಿ ಅಂತ ನಾನು ಪದೇ ಪದೇ ಹೇಳುವುದಕ್ಕೆ ಕಾರಣ ಇದೆ. ಟ್ರೈನಿ ಆಗಿದ್ದಾಗ ಒಂದು ಹಳೆ ಮಷೀನಿನಲ್ಲಿ ಹಾಗೆ ಮಾಡಿದ್ದೆ. ಕಟರ್ ಜಾಬನ್ನು ತನ್ನ ಕಡೆಗೆ ಎಳೆದುಕೊಂಡಿತು. ಪ್ಲೇ ಇದ್ದಷ್ಟೂ ದೂರ ಟೇಬಲ್ ಒಮ್ಮೆಗೇ ಹಾರಿತು. 12 ಮಿ.ಮೀ. ಎಂಡ್ ಮಿಲ್ ಕಟರ್ ಮುರಿದು ಅದರ ಚೂರು ಕನ್ನಡಕದ ಗಾಜಿಗೆ ಬಡಿಯಿತು. ಕನ್ನಡಕ ಇತ್ತು, ಕಣ್ಣು ಉಳಿಯಿತು. ಕಟರ್ ಹಲ್ಲು ಫೀಡಿಗೆ ಎದುರಾಗಿ ಬರುವ ಅಪ್ ಮಿಲ್ಲಿಂಗಿನಲ್ಲಿ ಟೇಬಲ್ ಸ್ಕ್ರೂವಿಗೆ ಒತ್ತಿಕೊಂಡೇ ಇರುತ್ತದೆ, ಹಾರುವುದಿಲ್ಲ. ಕಡಿಯುವಾಗ ಸರಿಸಬೇಕಿಲ್ಲದ ಸ್ಲೈಡನ್ನು ಲಾಕ್ ಮಾಡುವುದನ್ನೂ ಮರೆಯಬೇಡಿ.

ಕೈಯಲ್ಲಿ ದುಡ್ಡಿದ್ದರೆ ಮೊದಲು ಕೊಳ್ಳಬೇಕಾದದ್ದು ಡಿಆರ್‌ಒ (ಟೇಬಲ್ ಸರಿದ ಅಳತೆಯನ್ನು ಅಂಕಿಯಲ್ಲಿ ತೋರಿಸುವ ಡಿಜಿಟಲ್ ರೀಡ್‌ಔಟ್) ಅನ್ನುವುದು ನನ್ನ ಅಭಿಪ್ರಾಯ. 5 ಮೈಕ್ರಾನ್ ಲೆಕ್ಕದ ಸ್ಕೇಲ್ ಟೇಬಲಿಗೇ ಅಂಟಿಕೊಂಡಿರುವುದರಿಂದ ಟೇಬಲ್ ನಿಜವಾಗಿ ಎಷ್ಟು ಸರಿಯಿತೋ ಅಷ್ಟೇ ತೋರಿಸುತ್ತದೆ. ಹ್ಯಾಂಡಲಿನ ಗೆರೆ ಎಣಿಸುವುದು, ಪ್ಲೇ ಕಳೆಯುವುದು ಎರಡೂ ತಪ್ಪುತ್ತದೆ. ಅಳತೆ ಸರಿ ತೋರಿಸುತ್ತದೆ ಅಂದ ಮಾತ್ರಕ್ಕೆ ಟೇಬಲ್ ಹಾರುವುದು ನಿಲ್ಲುವುದಿಲ್ಲ, ಅದು ನೆನಪಿರಲಿ. ಚಿಕ್ಕ ಮಷೀನಿಗೆ ಮ್ಯಾಗ್ನೆಟಿಕ್ ಪಟ್ಟಿಯ ಸ್ಕೇಲ್ ಒಳ್ಳೆಯದು, ಜಾಗ ಕಡಿಮೆ ಸಾಕು.

ಇದರ ಜೊತೆಗೆ ಕಟರನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಇಆರ್ 25 ಕಾಲೆಟ್ ಸೆಟ್. ಡ್ರಿಲ್ ಚಕ್‌ನಲ್ಲಿ ಎಂಡ್ ಮಿಲ್ ಹಿಡಿಯಲೇಬೇಡಿ. ಪಕ್ಕದ ಒತ್ತಡಕ್ಕೆ ಚಕ್ ತನ್ನ ಟೇಪರಿನಿಂದ ಕಳಚಿಕೊಂಡು ತಿರುಗುತ್ತಲೇ ಟೇಬಲ್ ಮೇಲೆ ಬೀಳಬಹುದು. ಕಟರನ್ನು ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡಿ. ಹೊರಗಿನ ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟಾಗುತ್ತದೆ.

ಸ್ಪಿಂಡಲ್ ಡ್ರೈವ್ ಬದಲಿಸುವ ಆಸೆ ಇದ್ದರೆ ಅದಕ್ಕೆ ಅರ್ಥ ಇದೆ. ಈ ಮಷೀನುಗಳ ಹೆಡ್ಡಿನೊಳಗೆ ಪ್ಲಾಸ್ಟಿಕ್ ಗೇರ್ ಇರುತ್ತದೆ. ಫ್ಲೈ ಕಟರ್ ಟಕ್ ಟಕ್ ಅಂತ ಬಡಿಯುವಾಗ ಅದರ ಹಲ್ಲು ಹಾರುತ್ತದೆ. ಬೆಲ್ಟ್ ಹಾಕಿದರೆ ಸದ್ದು ಕಡಿಮೆ, ಕಟರ್ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಏನೂ ಮುರಿಯುವುದಿಲ್ಲ. ವೇಗವೂ ಬೇಕು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರಿಗೆ ಎಂಎಸ್‌ನಲ್ಲಿ ಅಂಚಿನ ವೇಗ ನಿಮಿಷಕ್ಕೆ 25 ಮೀಟರ್ ಇಟ್ಟುಕೊಂಡರೆ 10 ಮಿ.ಮೀ. ಕಟರಿಗೆ ಸುಮಾರು 800 ಆರ್‌ಪಿಎಂ ಸಾಕು. ಅಲ್ಯೂಮಿನಿಯಂನಲ್ಲಿ 100 ಮೀಟರ್ ಲೆಕ್ಕ ಹಿಡಿದರೆ 6 ಮಿ.ಮೀ. ಕಟರಿಗೆ 5300 ಬೇಕು.

ಥ್ರೀ ಫೇಸ್ ಮೋಟರಿಗೆ ವಿಎಫ್‌ಡಿ, ಅಂದರೆ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್, ಹಾಕುವವರು ಒಂದು ವಿಷಯ ಗಮನಿಸಿ. ಮನೆಯ ಸಿಂಗಲ್ ಫೇಸ್‌ನಿಂದ ಓಡುವ ಡ್ರೈವ್ ಹೊರಗೆ ಕೊಡುವುದು 230 ವೋಲ್ಟಿನ ಥ್ರೀ ಫೇಸ್. ನಮ್ಮಲ್ಲಿ ಸಿಗುವ ಚಿಕ್ಕ ಮೋಟರಿನ ವೈಂಡಿಂಗ್ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುತ್ತದೆ. ಅದನ್ನು ಡೆಲ್ಟಾ ಮಾಡಿಕೊಳ್ಳಬೇಕು. ಟರ್ಮಿನಲ್ ಬಾಕ್ಸಿನಲ್ಲಿ 6 ತಂತಿ ಇದ್ದರೆ ಪಟ್ಟಿ ಬದಲಿಸಿದರೆ ಆಯಿತು. 3 ಮಾತ್ರ ಇದ್ದರೆ ಗಂಟು ಒಳಗೇ ಇದೆ ಅಂತ ಅರ್ಥ, ವೈಂಡಿಂಗ್ ಮಾಡುವವರ ಹತ್ತಿರ ಒಯ್ಯಿರಿ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಲೇಬೇಡಿ.

ಇನ್ನೊಂದು ಮುಖ್ಯ. ಕರೆಂಟ್ ಹೋಯಿತು, ಮಷೀನ್ ನಿಂತಿತು, ನೀವು ಚಿಪ್ಸ್ ಒರೆಸಲು ಕೈ ಹಾಕಿದಿರಿ, ಅಷ್ಟರಲ್ಲಿ ಕರೆಂಟ್ ಬಂತು. ಸಾದಾ ಸ್ವಿಚ್ ಇದ್ದರೆ ಸ್ಪಿಂಡಲ್ ತಿರುಗಿಬಿಡುತ್ತದೆ. ಕರೆಂಟ್ ಬಂದರೂ ಹಸಿರು ಬಟನ್ ಒತ್ತುವ ತನಕ ಶುರುವಾಗದ ನೋ ವೋಲ್ಟ್ ಸ್ವಿಚ್ ಬರುತ್ತದೆ. ದಯವಿಟ್ಟು ಅದನ್ನು ಇವತ್ತೇ ಹಾಕಿಸಿ.

ಇಷ್ಟಾದ ಮೇಲೆ ಸಿಎನ್‌ಸಿ. ನಟ್ಟಿನೊಳಗೆ ಗುಂಡುಗಳ ಮೇಲೆ ಉರುಳುವ ಬಾಲ್ ಸ್ಕ್ರೂ 5 ಮಿ.ಮೀ. ಲೀಡಿನದು, ಅಂದರೆ ಒಂದು ಸುತ್ತಿಗೆ 5 ಮಿ.ಮೀ. ಸರಿಸುವಂಥದ್ದು, ಆಗಿದ್ದು ಪ್ರತಿ ಸುತ್ತಿಗೂ 1600 ಪಲ್ಸ್ ಕೊಟ್ಟರೆ ಒಂದು ಪಲ್ಸಿಗೆ ಸುಮಾರು 3 ಮೈಕ್ರಾನ್. ಮೇಷ್ಟ್ರಿಗೆ ಮಾರುವವರು ಹೇಳಿದ್ದು ಈ ಅಂಕಿಯನ್ನೇ. ಆದರೆ ಸಿ7 ದರ್ಜೆಯ ಸ್ಕ್ರೂನಲ್ಲಿ 300 ಮಿ.ಮೀ.ಗೆ 50 ಮೈಕ್ರಾನ್ ತನಕ ತಪ್ಪು ಇರಬಹುದು. ಒಂದು ಕೈ ತಳ್ಳಿದರೆ ಹೆಡ್ 90 ಮೈಕ್ರಾನ್ ಹೋಗುತ್ತಿದ್ದ ದಿನ ಆ 3 ಮೈಕ್ರಾನ್ ಎಲ್ಲಿ ಉಳಿಯುತ್ತಿತ್ತು? ಬಾಲ್ ಸ್ಕ್ರೂ ಹಾಕಿ ಕೈಯಲ್ಲೇ ಓಡಿಸುತ್ತೇನೆ ಅನ್ನುವವರೂ ಇದ್ದಾರೆ. ಬಾಲ್ ಸ್ಕ್ರೂ ತಾನಾಗಿ ನಿಲ್ಲುವುದಿಲ್ಲ, ಕಟರ್ ತಳ್ಳಿದರೆ ಹ್ಯಾಂಡಲ್ ಹಿಂದಕ್ಕೆ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಮೋಟರ್ ಇರಲೇಬೇಕು.

ಮೇಷ್ಟ್ರು ಮೋಟರ್ ತರಿಸಲಿಲ್ಲ, ಸದ್ಯಕ್ಕೆ ಡಿಆರ್‌ಒ ಹಾಕಿಸಿದ್ದಾರೆ. ಹೋದ ವಾರ ಸ್ಟೀಮ್ ಚೆಸ್ಟ್ ಮುಚ್ಚಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಸೋಪಿನ ನೀರು ಸವರಿದ ವಿಡಿಯೊ ಕಳಿಸಿದ್ದರು. ಜೋಡಣೆಯ ಸುತ್ತ ಒಂದು ಗುಳ್ಳೆ ಇಲ್ಲ. ವಾಲ್ವ್ ರಾಡಿನ ಹತ್ತಿರ ಮಾತ್ರ ಸಣ್ಣಗೆ ಏಳುತ್ತಿತ್ತು. ಆ ತೂತು ಅವರು ಲೇತಿನಲ್ಲಿ ಹಾಕಿದ್ದು. ಬರುವ ಭಾನುವಾರ ಲೇತಿನ ಹೆಡ್‌ಸ್ಟಾಕಿಗೆ ಡಯಲ್ ಇಡುತ್ತೇವೆ.