ನೋ ಫಸ್ಟ್ ಯೂಸ್: ಮೊದಲು ಹಾಕುವುದಿಲ್ಲ ಸರಿ, ಆಮೇಲೆ?

ಗಡಿಯಲ್ಲಿ ಗಲಾಟೆ ಶುರುವಾದರೆ ಸಾಕು, ಮಂಗಳೂರಿನ ಸಿಟಿ ಬಸ್ಸಿನಿಂದ ಹಿಡಿದು ಉಡುಪಿಯ ಹೋಟೆಲಿನ ತನಕ ಒಂದು ಮಾತು ಕೇಳಿಬರುತ್ತದೆ: "ಒಂದು ಅಣುಬಾಂಬ್ ಹಾಕಿ ಮುಗಿಸಿಬಿಡಬೇಕು ಮಾರಾಯ್ರೆ." ಪಕ್ಕದಲ್ಲಿ ಕೂತವರು ಯಾರಾದರೂ "ಹಾಗೆಲ್ಲ ಹಾಕ್ಲಿಕ್ಕೆ ಆಗುದಿಲ್ಲ, ನಮ್ಮದು ನೋ ಫಸ್ಟ್ ಯೂಸ್ ಅಲ್ವಾ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಈ ನೋ ಫಸ್ಟ್ ಯೂಸ್ ಏನು ಹೇಳುತ್ತದೆ, ಏನು ಹೇಳದೆ ಬಿಡುತ್ತದೆ ಅಂತ ಸ್ವಲ್ಪ ನೋಡೋಣ. ಬಿಟ್ಟ ಭಾಗವೇ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ.

ಅರ್ಥ ಸರಳ. ಯುದ್ಧ ಬಂದರೂ ನಾವಾಗಿ ಮೊದಲು ಅಣ್ವಸ್ತ್ರ ಹಾಕುವುದಿಲ್ಲ, ಯಾರಾದರೂ ನಮ್ಮ ಮೇಲೆ ಹಾಕಿದರೆ ಮಾತ್ರ ತಿರುಗಿ ಹಾಕುತ್ತೇವೆ ಅಂತ ಒಂದು ದೇಶ ಜಗತ್ತಿಗೆ ಕೊಡುವ ಮಾತು ಇದು. ಚೀನಾ 1964ರಲ್ಲಿ, ಮೊದಲ ಪರೀಕ್ಷೆ ನಡೆಸಿದ ದಿನವೇ ಈ ಮಾತು ಕೊಟ್ಟಿತು. ಸೋವಿಯತ್ ಒಕ್ಕೂಟ 1982ರಲ್ಲಿ ಕೊಟ್ಟಿತ್ತು, 1993ರಲ್ಲಿ ರಷ್ಯಾ ಅದನ್ನು ಕೈಬಿಟ್ಟಿತು. ಅಮೆರಿಕ, ಪಾಕಿಸ್ತಾನ ಕೊಟ್ಟೇ ಇಲ್ಲ. ಭಾರತ 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಯ ನಂತರ ಇದನ್ನೇ ಹೇಳುತ್ತಾ ಬಂತು, 2003ರ ಜನವರಿ 4ರಂದು ಸಂಪುಟದ ಭದ್ರತಾ ಸಮಿತಿ ಅಧಿಕೃತವಾಗಿ ಪ್ರಕಟಿಸಿತು.

ಆ ಪ್ರಕಟಣೆಯಲ್ಲಿ ಇನ್ನೂ ಕೆಲವು ಅಂಶಗಳಿವೆ. ಅಣ್ವಸ್ತ್ರ ಇಲ್ಲದ ದೇಶಗಳ ಮೇಲೆ ಹಾಕುವುದಿಲ್ಲ. ಹಾಕುವ ನಿರ್ಧಾರ ಸೇನೆಯದ್ದಲ್ಲ, ಜನ ಆರಿಸಿದ ನಾಯಕರದ್ದು. ಭಾರತದ ಮೇಲೆ ಅಥವಾ ಎಲ್ಲೇ ಇರುವ ನಮ್ಮ ಪಡೆಗಳ ಮೇಲೆ ದೊಡ್ಡ ಮಟ್ಟದ ರಾಸಾಯನಿಕ ಅಥವಾ ಜೈವಿಕ ದಾಳಿ ನಡೆದರೆ ಮಾತ್ರ ಅಣ್ವಸ್ತ್ರದ ಆಯ್ಕೆ ಉಳಿಸಿಕೊಳ್ಳುತ್ತೇವೆ ಅಂತ ಒಂದು ವಿನಾಯಿತಿ ಇದೆ. ಆಮೇಲೆ ಇನ್ನೊಂದು ಸಾಲು: ನಮ್ಮ ಮೇಲೆ ಹಾಕಿದರೆ ನಮ್ಮ ಪ್ರತಿದಾಳಿ ಭಾರೀ ಇರುತ್ತದೆ, ಎದುರಾಳಿಗೆ ತಾಳಲಾಗದಷ್ಟು ಹಾನಿ ಮಾಡುತ್ತದೆ.

ತಾಳಲಾಗದಷ್ಟು ಹಾನಿ. ಯಾರಿಗೆ? ನಿರ್ಧಾರ ಮಾಡಿದ ಎದುರಾಳಿ ಜನರಲ್‌ಗಳು ಬಂಕರಿನೊಳಗೆ ಇರುತ್ತಾರೆ. ಹೊರಗೆ ಇರುವುದು ಊರು.

ಅಣ್ವಸ್ತ್ರದ ನೀತಿ ಬಗ್ಗೆ ನಡೆದ ವಾದಗಳೆಲ್ಲ ಶುರುವಾಗುವುದು 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ. ಬಾಂಬ್ ಹಾಕಿದವರ ಗುರಿ ಹಿರೋಶಿಮಾ ಪೇಟೆಯ ನಡುವಿನ ಒಂದು ಸೇತುವೆ. ಅದು ಸಿಡಿದದ್ದು ಶಿಮಾ ಅನ್ನುವ ಆಸ್ಪತ್ರೆಯ ಮೇಲೆ. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಮಂದಿ. ಊರಿನ ಹತ್ತು ವೈದ್ಯರಲ್ಲಿ ಒಂಬತ್ತು ಮಂದಿ ಸತ್ತಿದ್ದರು ಇಲ್ಲ ಗಾಯಗೊಂಡಿದ್ದರು. ಮೂರು ದಿನ ಬಿಟ್ಟು, ನಾಗಸಾಕಿಯ ಮೇಲೂ ಬಾಂಬ್ ಬಿದ್ದ ದಿನ, ಅಮೆರಿಕದ ಅಧ್ಯಕ್ಷ ಟ್ರೂಮನ್ ರೇಡಿಯೋದಲ್ಲಿ ಹಿರೋಶಿಮಾವನ್ನು ಮಿಲಿಟರಿ ನೆಲೆ ಅಂತ ಕರೆದರು. ಪೂರ್ತಿ ಸುಳ್ಳು ಅನ್ನುವ ಹಾಗಿಲ್ಲ, ಅಲ್ಲಿ ಸೇನೆಯ ದೊಡ್ಡ ಕಚೇರಿ ಇತ್ತು, ಸೈನಿಕರನ್ನು ಕಳಿಸುವ ಬಂದರು ಇತ್ತು. ಆದರೆ ಸತ್ತವರಲ್ಲಿ ಹೆಚ್ಚಿನವರು ಊರಿನ ಸಾಮಾನ್ಯ ಜನ.

ಈಗ ನಮ್ಮೂರಿನ ನಕ್ಷೆಯನ್ನೇ ಎದುರಿಗೆ ಇಟ್ಟುಕೊಳ್ಳಿ. ಪಣಂಬೂರಿನಲ್ಲಿ ಬಂದರು. ಅಲ್ಲಿಂದ ಆಚೆ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ. ದೇಶದ ತುರ್ತಿಗೆ ಅಂತ ಕಚ್ಚಾ ತೈಲ ತುಂಬಿಡುವ ನೆಲದಡಿಯ ಗುಹೆಗಳು ಬೇರೆ, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವಂಥವು. ಯುದ್ಧ ಮಾಡುವವರ ಕಣ್ಣಿಗೆ ಇವೆಲ್ಲ ಮಿಲಿಟರಿ ಗುರಿಗಳೇ. ಹಿರೋಶಿಮಾದಲ್ಲಿ ಸುಮಾರು 11 ಚದರ ಕಿಲೋಮೀಟರ್ ಸುಟ್ಟು ಬೂದಿಯಾಯಿತು, ಅದೂ ಈಗಿನ ಲೆಕ್ಕದಲ್ಲಿ ಸಣ್ಣದು ಅನಿಸಿಕೊಳ್ಳುವ 15 ಕಿಲೋಟನ್ ಬಾಂಬಿಗೆ. ಹಂಪನಕಟ್ಟೆಯನ್ನು ನಡುವೆ ಇಟ್ಟು ಅಷ್ಟು ಜಾಗಕ್ಕೆ ಗೆರೆ ಎಳೆದರೆ ಅದರೊಳಗೆ ವೆನ್ಲಾಕ್ ಆಸ್ಪತ್ರೆ, ದಕ್ಕೆ, ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣ, ರಥಬೀದಿ, ಮಿಲಾಗ್ರಿಸ್ ಚರ್ಚ್, ಬಂದರಿನ ಮಸೀದಿ ಎಲ್ಲವೂ ಬರುತ್ತವೆ. ಗುರಿ ಮಿಲಿಟರಿಯದ್ದು ಅಂತ ಕಾಗದದಲ್ಲಿ ಬರೆದುಕೊಂಡರೆ ಇವರೆಲ್ಲ ಬದುಕಿ ಉಳಿಯುತ್ತಾರಾ?

ಹಿರೋಶಿಮಾವನ್ನು ಸಮರ್ಥಿಸುವವರ ವಾದವನ್ನೂ ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. 1945ರ ನವೆಂಬರ್‌ನಲ್ಲಿ ಜಪಾನಿನ ಕ್ಯೂಶೂ ದ್ವೀಪದಲ್ಲಿ ಸೇನೆ ಇಳಿಸುವ ಯೋಜನೆ ಇತ್ತು. ಹಾಗೆ ಇಳಿದಿದ್ದರೆ ಅಮೆರಿಕದ ಪಡೆಗಳಲ್ಲೇ ಸಾವುನೋವು 10 ಲಕ್ಷ ದಾಟುತ್ತಿತ್ತು ಅಂತ ಆಗಿನ ಯುದ್ಧ ಸಚಿವ ಸ್ಟಿಮ್ಸನ್ 1947ರಲ್ಲಿ ಬರೆದರು. ಆ ಲೆಕ್ಕವನ್ನು ಆಮೇಲೆ ಬಹಳ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಲೆಕ್ಕ ಸರಿಯೇ ಅಂದುಕೊಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಅಲ್ಲಿನ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೋಂಬ್ ಎದ್ದು ನಿಂತು ವಿರೋಧಿಸಿದರು. ಅವರ ವಾದ ಇಷ್ಟೇ: ನಿರಪರಾಧಿಗಳನ್ನು ಕೊಲ್ಲುವುದನ್ನೇ ದಾರಿ ಮಾಡಿಕೊಂಡು ಒಳ್ಳೆಯ ಗುರಿ ಮುಟ್ಟಿದರೂ ಅದು ಕೊಲೆಯೇ. ನನಗೆ ಈ ವಾದ ಒಪ್ಪಿಗೆ. ಒಪ್ಪಿದ ಮೇಲೆ ಯಾರು ಮೊದಲು ಹಾಕಿದರು ಅನ್ನುವುದರಿಂದ ಉತ್ತರ ಬದಲಾಗುವುದಿಲ್ಲ, ಎರಡನೆಯದಾಗಿ ಬೀಳುವ ಬಾಂಬಿನ ಕೆಳಗೆ ಇರುವ ಮಗು ಕೂಡ ಏನೂ ತಪ್ಪು ಮಾಡಿಲ್ಲ ಅಲ್ವಾ.

ನೋ ಫಸ್ಟ್ ಯೂಸ್ ಮುಟ್ಟದೆ ಬಿಟ್ಟ ಜಾಗ ಇದು. ಯಾವಾಗ ಹಾಕಬಹುದು ಅನ್ನುವುದಕ್ಕೆ ಅದರಲ್ಲಿ ಉತ್ತರ ಇದೆ. ಯಾರ ಮೇಲೆ ಅನ್ನುವುದಕ್ಕೆ ಇಲ್ಲ.

ಇದಕ್ಕೆ ಭದ್ರತಾ ತಜ್ಞರು ಕೊಡುವ ಉತ್ತರ ನಿಮಗೂ ಗೊತ್ತಿರಬಹುದು. ಪ್ರತಿದಾಳಿಯ ಭಯ ದೊಡ್ಡದಾಗಿದ್ದಷ್ಟು ಯಾರೂ ಮೊದಲು ಹಾಕುವುದಿಲ್ಲ, ಹಾಗಾಗಿ ಭಾರೀ ಪ್ರತಿದಾಳಿಯ ಬೆದರಿಕೆಯೇ ಜನರನ್ನು ಕಾಪಾಡುತ್ತದೆ ಅಂತ. ಇದರಲ್ಲಿ ಹುರುಳಿದೆ. ಆದರೆ ಬೆದರಿಕೆ ಕೆಲಸ ಮಾಡದೆ ಹೋದ ದಿನ ಏನು ಮಾಡುವುದು? ಪಾಕಿಸ್ತಾನದ ಹತ್ತಿರ ನಸ್ರ್ ಅಂತ 70 ಕಿಲೋಮೀಟರ್ ದೂರ ಹೋಗುವ ಸಣ್ಣ ಕ್ಷಿಪಣಿ ಇದೆ, 2011ರಲ್ಲಿ ಮೊದಲ ಪರೀಕ್ಷೆ ಆಯಿತು, ಒಳಗೆ ನುಗ್ಗಿದ ನಮ್ಮ ಟ್ಯಾಂಕುಗಳ ಮೇಲೆ ಸಣ್ಣ ಅಣುಬಾಂಬ್ ಹಾಕಲಿಕ್ಕೆ ಅಂತಲೇ ಮಾಡಿದ್ದು. ಅಂಥದ್ದೊಂದು ಮರುಭೂಮಿಯಲ್ಲಿ ಬಿದ್ದರೆ ನಮ್ಮ ಲಿಖಿತ ನೀತಿಯ ಪ್ರಕಾರ ಉತ್ತರ ಭಾರೀ ಇರಬೇಕು. ಸೈನಿಕರ ಮೇಲೆ ಬಿದ್ದ ಒಂದು ಬಾಂಬಿಗೆ ಲಕ್ಷಾಂತರ ಜನ ಇರುವ ಊರು ಬೆಲೆ ತೆರಬೇಕೇ? ಇದನ್ನು ಕೇಳಿದವರನ್ನು ದೇಶದ ಮೇಲೆ ಪ್ರೀತಿ ಇಲ್ಲದವರು ಅನ್ನುವುದು ತಪ್ಪು.

ಯಾಕೆಂದರೆ ಭಾರತವೇ ಒಮ್ಮೆ ಇದನ್ನು ಕೇಳಿತ್ತು. ಅಣ್ವಸ್ತ್ರ ಬಳಸುವುದು ಕಾನೂನುಬದ್ಧವೇ ಅಂತ ವಿಶ್ವಸಂಸ್ಥೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವನ್ನು ಕೇಳಿದಾಗ, 1995ರಲ್ಲಿ ಭಾರತ ಸಲ್ಲಿಸಿದ ಹೇಳಿಕೆ ಬಹಳ ನೇರವಾಗಿತ್ತು: ನಮ್ಮ ಮೇಲೆ ಅಣ್ವಸ್ತ್ರ ಹಾಕಿದವರಿಗೆ ಉತ್ತರವಾಗಿ ಕೂಡ ಅಣ್ವಸ್ತ್ರ ಬಳಸುವುದು ಕಾನೂನಿಗೆ ವಿರುದ್ಧ. ಹಾಗೆ ಹೇಳಿ ಮೂರೇ ವರ್ಷಕ್ಕೆ ಪೋಖ್ರಾನ್, ಎಂಟೇ ವರ್ಷಕ್ಕೆ ಭಾರೀ ಪ್ರತಿದಾಳಿಯ ಸಾಲು. ನ್ಯಾಯಾಲಯ 1996ರ ಜುಲೈ 8ರಂದು ಅಭಿಪ್ರಾಯ ಕೊಟ್ಟಿತು. ಅಣ್ವಸ್ತ್ರ ಬಳಕೆ ಸಾಮಾನ್ಯವಾಗಿ ಯುದ್ಧದ ಮಾನವೀಯ ಕಾನೂನಿಗೆ ವಿರುದ್ಧ, ಆದರೆ ದೇಶದ ಉಳಿವೇ ಪ್ರಶ್ನೆಯಾದಾಗ ಏನು ಅಂತ ಖಚಿತವಾಗಿ ಹೇಳಲಾಗದು ಅಂತ. ಆ ಭಾಗಕ್ಕೆ ನ್ಯಾಯಾಧೀಶರು 7-7 ಅಂತ ಸಮವಾಗಿ ಒಡೆದಿದ್ದರು, ಅಧ್ಯಕ್ಷರ ಮತದಿಂದ ತೀರ್ಮಾನವಾಯಿತು.

ವಿರೋಧಿಸಿದವರಲ್ಲಿ ಶ್ರೀಲಂಕಾದ ನ್ಯಾಯಾಧೀಶ ವೀರಮಂತ್ರಿ ಒಬ್ಬರು. ಯಾವ ಸಂದರ್ಭದಲ್ಲೂ ಬಳಸುವಂತಿಲ್ಲ ಅಂತ ಅವರು ಬರೆದರು. ಅದಕ್ಕೆ ಸಾಕ್ಷಿಯಾಗಿ ಯಾವುದನ್ನು ತಂದರು ಗೊತ್ತಾ? ಆಯುಧ ಹಿಡಿಯದವರನ್ನೂ ಸೇರಿಸಿ ವೈರಿ ಕುಲವನ್ನೇ ನಾಶ ಮಾಡುವ ಅಸ್ತ್ರ ಬೇಡ ಅಂತ ಲಕ್ಷ್ಮಣನಿಗೆ ರಾಮ ಹೇಳಿದ್ದನ್ನು, ಪಾಶುಪತಾಸ್ತ್ರ ಕೈಯಲ್ಲಿದ್ದರೂ ಅರ್ಜುನ ಬಿಡದೆ ಇದ್ದದ್ದನ್ನು. ಆಟ, ತಾಳಮದ್ದಳೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಾನಾಗಿದ್ದರೆ ಅಶ್ವತ್ಥಾಮನ ಕಥೆಯನ್ನೂ ಸೇರಿಸುತ್ತಿದ್ದೆ. ಅಲ್ಲಿ ಮೊದಲು ಬಿಟ್ಟವನು ಅಶ್ವತ್ಥಾಮ. ಅರ್ಜುನ ಬಿಟ್ಟದ್ದು ಉತ್ತರವಾಗಿ. ಆದರೂ ವ್ಯಾಸರು, ನಾರದರು ಮಧ್ಯೆ ನಿಂತಾಗ ಅರ್ಜುನ, ಮೊದಲು ಬಿಟ್ಟದ್ದು ನಾನಲ್ಲ ಅಂತ ವಾದಿಸಲಿಲ್ಲ, ತನ್ನ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಂಡ. ಅಶ್ವತ್ಥಾಮನಿಗೆ ಹಿಂದಕ್ಕೆ ತೆಗೆಯಲು ಆಗಲಿಲ್ಲ, ಅದು ಉತ್ತರೆಯ ಗರ್ಭಕ್ಕೆ ಹೋಯಿತು. ಹಾರಿದ ಕ್ಷಿಪಣಿಯನ್ನು ಹಿಂದಕ್ಕೆ ಕರೆಯುವ ವಿದ್ಯೆ ಈಗ ಯಾವ ದೇಶಕ್ಕೂ ಗೊತ್ತಿಲ್ಲ.

ಈ ನೀತಿ ಬದಲಾಗಬೇಕೇ ಅನ್ನುವ ಚರ್ಚೆ ಆಗಾಗ ಏಳುತ್ತದೆ. 2016ರಲ್ಲಿ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್, ನಮ್ಮನ್ನು ನಾವೇ ಯಾಕೆ ಕಟ್ಟಿಹಾಕಿಕೊಳ್ಳಬೇಕು ಅಂತ ವೈಯಕ್ತಿಕ ಅಭಿಪ್ರಾಯ ಹೇಳಿದರು. 2019ರ ಆಗಸ್ಟ್‌ನಲ್ಲಿ ರಾಜನಾಥ್ ಸಿಂಗ್ ಪೋಖ್ರಾನ್‌ನಲ್ಲೇ ನಿಂತು, ಮುಂದೆ ಏನಾಗುತ್ತದೆ ಅನ್ನುವುದು ಪರಿಸ್ಥಿತಿಗೆ ಬಿಟ್ಟದ್ದು ಅಂದರು. ಎರಡು ಸಲವೂ ಮಾತು ನಡೆದದ್ದು ನೀತಿಯ ಮೊದಲ ಅರ್ಧದ ಬಗ್ಗೆ. ಆ ಅರ್ಧವನ್ನು ಬಿಡಲೇಬಾರದು, ಅದು ಭಾರತ ಕೊಟ್ಟ ಒಳ್ಳೆಯ ಮಾತು. ಬದಲಾಗಬೇಕಾದದ್ದು ಎರಡನೆಯ ಅರ್ಧ, ಭಾರೀ ಪ್ರತಿದಾಳಿಯ ಸಾಲು. ಈ ನೀತಿಯ 1999ರ ಕರಡಿನಲ್ಲಿ ಶಿಕ್ಷಿಸುವಂಥ ಪ್ರತಿದಾಳಿ ಅಂತ ಇತ್ತು, ಭಾರೀ ಅಂತ ಆದದ್ದು 2003ರಲ್ಲಿ. ಅಂದರೆ ಆ ಸಾಲನ್ನು ಒಮ್ಮೆ ತಿದ್ದಿಯಾಗಿದೆ. ಇನ್ನೊಮ್ಮೆ ತಿದ್ದಿ, ಯಾವ ಊರನ್ನೂ ಗುರಿ ಮಾಡುವುದಿಲ್ಲ ಅಂತ ಸೇರಿಸಲಿ ಅಂತ ನಾವು ನಮ್ಮ ಸಂಸದರನ್ನು ಕೇಳಬಹುದು.