ಮನೆಗೆಲಸದವಳ ಕಳ್ಳತನ, ಸಮುದ್ರದಾಚೆಯ ಶಿಕ್ಷೆ

ಸಿಡ್ನಿಯಲ್ಲಿರುವ ಕನ್ನಡಿಗರಿಗೆ ಪ್ಯಾರಮ್ಯಾಟ ಹೊಸದಲ್ಲ. ಅಲ್ಲಿ, ಪಕ್ಕದ ಹ್ಯಾರಿಸ್ ಪಾರ್ಕ್‌ನಲ್ಲಿ, ಭಾರತೀಯರ ಅಂಗಡಿ ಹೋಟೆಲುಗಳ ಸಾಲೇ ಇದೆ. ಅದೇ ಊರಿನ ನದಿದಂಡೆಯಲ್ಲಿ ಮರಳುಗಲ್ಲಿನ ಹಳೆಯ ಕಟ್ಟಡಗಳ ಒಂದು ಆವರಣವಿದೆ. ಅದು ‘ಫೀಮೇಲ್ ಫ್ಯಾಕ್ಟರಿ’. ಕರೆಯುವುದು ಕಾರ್ಖಾನೆ ಎಂದಾದರೂ ಅದು ಒಂದೇ ಕಾಲಕ್ಕೆ ಜೈಲು, ನೂಲುವ ಮನೆ, ಬಾಣಂತಿಯರ ಕೋಣೆ, ಮನೆಗೆಲಸಕ್ಕೆ ಹೆಂಗಸರನ್ನು ಹಂಚುವ ಜಾಗ ಎಲ್ಲವೂ ಆಗಿತ್ತು.

1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾದವರು ಸುಮಾರು 1,62,000 ಮಂದಿ. ಅವರಲ್ಲಿ ಹೆಂಗಸರು 25,000ದಷ್ಟು. ಇವರು ಎಂಥವರು ಎಂಬುದಕ್ಕೆ ಕಾಲಕ್ಕೊಂದು ಉತ್ತರ ಬಂದಿದೆ. ಒಂದು ಕಾಲ ನಡತೆಗೆಟ್ಟವರು ಎಂದಿತು. ಇನ್ನೊಂದು ಕಾಲ ಪಾಪದವರು ಎಂದು ಮರುಗಿತು. ಈಗ ಅವರು ನಾಡು ಕಟ್ಟಿದ ಮುತ್ತಜ್ಜಿಯರು. ಈ ಮೂರು ಉತ್ತರಗಳ ನಡುವೆ ದಾಖಲೆಗಳಲ್ಲಿ ಸ್ಪಷ್ಟವಾಗಿ ಬರೆದಿಟ್ಟ ಎರಡು ಸಂಗತಿ ಹಿಂದೆ ಸರಿದಿವೆ. ಬಹುತೇಕರ ಅಪರಾಧ ಕಳ್ಳತನ. ಬಹುತೇಕರ ಕಸುಬು ಮನೆಗೆಲಸ.

ಮನೆಯಾಳಿನ ಕಳ್ಳತನವನ್ನು ಇಂಗ್ಲೆಂಡಿನ ಕಾನೂನು ಬೇರೆಯದೇ ಕಣ್ಣಿನಿಂದ ನೋಡುತ್ತಿತ್ತು. ವಾಸದ ಮನೆಯೊಳಗಿಂದ 40 ಶಿಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತು ಕದ್ದರೆ ನೇಣು ಎಂದು 1713ರಲ್ಲಿ ಬಂದ ಕಾಯಿದೆ ಶುರುವಾಗುವುದೇ ‘ದುಷ್ಟ ಸೇವಕರ’ ಮಾತಿನಿಂದ. 40 ಶಿಲಿಂಗ್ ಅಂದರೆ ಎರಡು ಪೌಂಡ್. ಸಾಮಾನ್ಯ ಮನೆಗೆಲಸದ ಹುಡುಗಿಯ ಸಂಬಳ ಊಟ ವಸತಿ ಬಿಟ್ಟು ವರ್ಷಕ್ಕೆ ಐದರಿಂದ ಹತ್ತು ಪೌಂಡ್. ಅದೂ ಕೈಗೆ ಬರುತ್ತಿದ್ದುದು ಮೂರು ತಿಂಗಳಿಗೊಮ್ಮೆ, ಇಲ್ಲವೇ ವರ್ಷದ ಕೊನೆಗೆ. ಕೆಲಸ ಬಿಟ್ಟರೆ ಯಜಮಾನಿಯ ಒಳ್ಳೆಯ ಮಾತಿಲ್ಲದೆ ಇನ್ನೊಂದು ಮನೆ ಸಿಗದು. ಕೈ ಖಾಲಿಯಾದಾಗ ಮನೆಯ ದುಪ್ಪಟಿ, ಚಮಚ, ಒಂದು ಗೌನು ಗಿರವಿ ಅಂಗಡಿ ಸೇರುತ್ತಿತ್ತು. ಅನುಮಾನ ಬಂದೊಡನೆ ಹುಡುಕುತ್ತಿದ್ದುದು ಆಕೆಯ ಪೆಟ್ಟಿಗೆಯನ್ನು. ಆ ಮನೆಯಲ್ಲಿ ಅವಳದೆನ್ನುವ ಜಾಗ ಅದೊಂದೇ. ಅದರಲ್ಲಿ ಗಿರವಿ ಚೀಟಿ ಸಿಕ್ಕರೆ ಮುಗಿಯಿತು.

ಜ್ಯೂರಿಗಳಿಗೂ ಮನಸ್ಸು ಅಳುಕುತ್ತಿತ್ತು. ಎಷ್ಟೋ ಮೊಕದ್ದಮೆಗಳಲ್ಲಿ ಅವರು ಕದ್ದ ಮಾಲಿನ ಬೆಲೆಯನ್ನು ಬೇಕೆಂದೇ 39 ಶಿಲಿಂಗ್ ಎಂದು ಬರೆದು ಕುತ್ತಿಗೆ ಉಳಿಸಿದರು. ಉಳಿದ ಜೀವ ಎಲ್ಲಿಗೆ ಹೋಗಬೇಕು? 1718ರ ಕಾಯಿದೆ ಅದಕ್ಕೆ ದಾರಿ ಮಾಡಿತ್ತು: ಏಳು ವರ್ಷ, ಹದಿನಾಲ್ಕು ವರ್ಷ ಅಥವಾ ಜೀವಾವಧಿ ಗಡೀಪಾರು. ಮೊದಲು ಅಮೆರಿಕಕ್ಕೆ. ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ಬಾಗಿಲು ಮುಚ್ಚಿತು. ಕೆಲವು ವರ್ಷ ಥೇಮ್ಸ್ ನದಿಯ ಹಳೆಯ ಹಡಗುಗಳನ್ನೇ ಜೈಲು ಮಾಡಿದರು. 1788ರ ಜನವರಿಯಲ್ಲಿ ಹನ್ನೊಂದು ಹಡಗುಗಳು ನ್ಯೂ ಸೌತ್ ವೇಲ್ಸ್ ತಲುಪಿದವು.

ಈ ಹೆಂಗಸರಲ್ಲಿ ತನ್ನ ಕೈಬರಹದ ಪತ್ರಗಳನ್ನು ಬಿಟ್ಟುಹೋದವಳು ಮಾರ್ಗರೆಟ್ ಕ್ಯಾಚ್‌ಪೋಲ್. ಸಫೋಕ್ ಪ್ರಾಂತ್ಯದವಳು. ಇಪ್ಸ್‌ವಿಚ್‌ನ ಕಾಬೋಲ್ಡ್ ಕುಟುಂಬದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ, ಅಡುಗೆಮನೆಯಲ್ಲಿ ದುಡಿಯುತ್ತ, ಓದು ಬರಹವನ್ನೂ ಅಲ್ಲೇ ಕಲಿತಳು. ಕೆಲಸ ಬಿಟ್ಟ ಎರಡು ವರ್ಷದ ಮೇಲೆ, 1797ರಲ್ಲಿ, ಅದೇ ಯಜಮಾನರ ಲಾಯದಿಂದ ಕುದುರೆ ಬಿಚ್ಚಿ, ಗಂಡಸಿನ ಉಡುಪು ತೊಟ್ಟು, ಸುಮಾರು 70 ಮೈಲಿ ಓಡಿಸಿಕೊಂಡು ಲಂಡನ್ ಸೇರಿದಳು. ಮಾರಲು ಹೋಗಿ ಸಿಕ್ಕಿಬಿದ್ದಳು. ಕುದುರೆ ಕಳವಿಗೆ ಮರಣದಂಡನೆ. ಅದು ಏಳು ವರ್ಷದ ಗಡೀಪಾರಿಗೆ ಇಳಿಯಿತು. ಇಪ್ಸ್‌ವಿಚ್ ಜೈಲಿನಲ್ಲಿ ಮೂರು ವರ್ಷದಷ್ಟು ಕಾಲ ಕಾದಳು. 1800ರಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಿಡಿದು 22 ಅಡಿ ಎತ್ತರದ ಗೋಡೆ ಹತ್ತಿ ಇಳಿದು ಪರಾರಿಯಾದಳು. ಮತ್ತೆ ಸೆರೆ, ಮತ್ತೆ ಮರಣದಂಡನೆ. ಈ ಸಲ ಅದು ಜೀವಾವಧಿ ಗಡೀಪಾರಾಯಿತು. 1801ರ ಡಿಸೆಂಬರಿನಲ್ಲಿ ‘ನೈಲ್’ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದಳು.

ಅಲ್ಲಿ ಅವಳಿಗೆ ಸಿಕ್ಕ ಕೆಲಸ, ಸರ್ಕಾರಿ ಉಗ್ರಾಣಾಧಿಕಾರಿ ಜಾನ್ ಪಾಮರ್ ಮನೆಯ ಅಡುಗೆ.

ಅಡುಗೆಮನೆಯಿಂದ ಹೊರಟವಳು ಅರ್ಧ ಭೂಗೋಳ ದಾಟಿ ಇನ್ನೊಂದು ಅಡುಗೆಮನೆಗೇ ಬಂದಳು. ಇದು ಅವಳೊಬ್ಬಳ ಪಾಡಲ್ಲ. ಆ ವಸಾಹತಿನ ವ್ಯವಸ್ಥೆಯೇ ಹಾಗಿತ್ತು. ಹಡಗು ಬಂದೊಡನೆ ಕೈದಿ ಹೆಂಗಸರನ್ನು ಅಧಿಕಾರಿಗಳ, ವಲಸೆಗಾರರ ಮನೆಗಳಿಗೆ ಹಂಚುತ್ತಿದ್ದರು. ಊಟ, ಬಟ್ಟೆ ಕೊಡಬೇಕು. ಸಂಬಳದ ಕಟ್ಟುಪಾಡು ನಿಧಾನಕ್ಕೆ ಸಡಿಲವಾಗಿ ಹೋಯಿತು. ಎದುರು ಮಾತಾಡಿದರೆ, ಕೆಲಸ ಬಿಟ್ಟು ಹೋದರೆ, ಕುಡಿದರೆ ಮ್ಯಾಜಿಸ್ಟ್ರೇಟರ ಮುಂದೆ. ಗರ್ಭಿಣಿಯಾದರೆ ಫ್ಯಾಕ್ಟರಿಗೆ ವಾಪಸು. ಆ ಗರ್ಭಕ್ಕೆ ಕಾರಣ ಆ ಮನೆಯೊಳಗೇ ಇದ್ದಾಗಲೂ ಮರಳಿ ಹೋಗುತ್ತಿದ್ದವಳು ಅವಳೊಬ್ಬಳೇ.

ಪ್ಯಾರಮ್ಯಾಟದ ಮೊದಲ ಫ್ಯಾಕ್ಟರಿ 1804ರಲ್ಲಿ ಗಂಡಸರ ಜೈಲಿನ ಮೇಲಂತಸ್ತಿನಲ್ಲಿ ಶುರುವಾಯಿತು. ಹಗಲೆಲ್ಲ ಉಣ್ಣೆ ನೂಲುವುದು, ರಾತ್ರಿ ಜಾಗ ಸಾಲದವರು ಊರಲ್ಲಿ ತಾವೇ ಬಾಡಿಗೆಗೆ ಮೂಲೆ ಹುಡುಕಿಕೊಳ್ಳುವುದು. ಬಾಡಿಗೆ ದುಡ್ಡು ಎಲ್ಲಿಂದ ತರಬೇಕು ಎಂದು ಆಡಳಿತ ಕೇಳಲಿಲ್ಲ. ಅವರ ನಡತೆಯ ಬಗ್ಗೆ ಮಾತ್ರ ವರದಿಗಳು ಬರೆದದ್ದೇ ಬರೆದದ್ದು. 1821ರಲ್ಲಿ, ತಾನೂ ಕೈದಿಯಾಗಿ ಬಂದಿದ್ದ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ವಿನ್ಯಾಸದ ಮೂರು ಅಂತಸ್ತಿನ ಕಟ್ಟಡ ತೆರೆಯಿತು. ಹೆಂಗಸರನ್ನು ಮೂರು ದರ್ಜೆ ಮಾಡಿದರು. ಮೊದಲ ದರ್ಜೆಯವರನ್ನು ಮನೆಗೆಲಸಕ್ಕೆ ಕಳಿಸಬಹುದು, ಮದುವೆಗೂ ಕೊಡಬಹುದು. ಅನುಮತಿ ಪತ್ರ ಹಿಡಿದು ಬಂದ ಗಂಡಿನೆದುರು ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೂರನೆಯ ದರ್ಜೆಯವರಿಗೆ ತಲೆಗೂದಲು ಕತ್ತರಿಸುವ ಶಿಕ್ಷೆ. ಹೆಂಗಸರು ಎಲ್ಲಕ್ಕಿಂತ ಹೆಚ್ಚು ಪ್ರತಿಭಟಿಸಿದ್ದು ಇದನ್ನೇ.

1827ರಲ್ಲಿ ಬ್ರೆಡ್ಡು, ಸಕ್ಕರೆಯ ಪಡಿತರ ಕಡಿತವಾದಾಗ ಅವರು ಗೇಟು ಮುರಿದು ಬೀದಿಗೆ ಬಂದರು. ಬೇಕರಿ, ಕಸಾಯಿ ಅಂಗಡಿಗಳಿಗೆ ನುಗ್ಗಿ ಕೈಗೆ ಸಿಕ್ಕ ಬ್ರೆಡ್ಡು, ಮಾಂಸವನ್ನು ಏಪ್ರನ್ನುಗಳಲ್ಲಿ ತುಂಬಿಕೊಂಡರು. ಸೈನಿಕರನ್ನು ಕರೆಸಬೇಕಾಯಿತು. ಇದನ್ನು ದೊಂಬಿ ಎಂದು ದಾಖಲಿಸಲಾಗಿದೆ. ಹೊತ್ತೊಯ್ದದ್ದನ್ನು ನೋಡಿದರೆ ನನಗೆ ಹಸಿವೆಂದೇ ಕಾಣುತ್ತದೆ.

ಶಿಕ್ಷೆ ಮುಗಿದರೆ ಊರಿಗೆ ಮರಳಬಹುದಿತ್ತಲ್ಲ ಎನ್ನಬಹುದು. ಸರ್ಕಾರ ಕಳಿಸುವ ಖರ್ಚು ಕೊಡುತ್ತಿತ್ತು, ಕರೆತರುವ ಖರ್ಚಲ್ಲ. ಗಂಡಸಾದರೆ ಹಡಗಿನಲ್ಲಿ ಕೂಲಿ ಮಾಡಿಕೊಂಡಾದರೂ ಮರಳಬಹುದು. ಹೆಂಗಸಿಗೆ ಆ ದಾರಿಯೂ ಇರಲಿಲ್ಲ. ಕಾಗದದ ಮೇಲಿನ ಏಳು ವರ್ಷ ಬಹುಪಾಲು ಹೆಂಗಸರಿಗೆ ಜೀವಾವಧಿಯೇ ಆಯಿತು.

ಆಮೇಲಿನದು ಬೇಗ ನಡೆಯಿತು. 1838ರ ಬ್ರಿಟಿಷ್ ಸಂಸದೀಯ ಸಮಿತಿ ಈ ವ್ಯವಸ್ಥೆಯನ್ನು ಖಂಡಿಸಿತು. ಖಂಡಿಸುವಾಗ ಕೈದಿ ಹೆಂಗಸರೆಲ್ಲ ಕುಡುಕಿಯರು, ವೇಶ್ಯೆಯರು ಎಂಬರ್ಥದ ಮಾತನ್ನೂ ಸೇರಿಸಿತು. ನ್ಯೂ ಸೌತ್ ವೇಲ್ಸ್‌ಗೆ 1840ರಲ್ಲಿ, ಟ್ಯಾಸ್ಮೇನಿಯಾಕ್ಕೆ 1853ರಲ್ಲಿ ಗಡೀಪಾರು ನಿಂತಿತು. ಸಮಿತಿಯ ಆ ಮಾತು ಮಾತ್ರ ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ಅಜ್ಜಿ ಕೈದಿಯಾಗಿದ್ದಳೆಂದು ಗೊತ್ತಾದ ಮನೆಗಳು ಅದನ್ನು ಬಚ್ಚಿಟ್ಟವು. ಕಳೆದ ಐವತ್ತು ವರ್ಷಗಳಲ್ಲಿ ಇತಿಹಾಸಕಾರರು ಹಡಗುಗಳ ಪಟ್ಟಿ ತೆಗೆದು ಕಸುಬು, ಓದು, ಅಪರಾಧಗಳನ್ನು ಎಣಿಸತೊಡಗಿದ ಮೇಲೆಯೇ ಅಡುಗೆಯವರು, ದಾದಿಯರು, ಬಟ್ಟೆ ಒಗೆಯುವವರು ಕಾಣಿಸಿಕೊಂಡದ್ದು.

ಮಾರ್ಗರೆಟ್ ಹಾಕ್ಸ್‌ಬರಿ ನದಿಯ ಸೀಮೆಯಲ್ಲಿ ಸಣ್ಣ ಜಮೀನು ಮಾಡಿದಳು, ಸೂಲಗಿತ್ತಿಯಾದಳು. ನದಿಯ ಪ್ರವಾಹಗಳ ಬಗ್ಗೆ ಹಳೆಯ ಯಜಮಾನಿಗೆ, ಬಂಧುಗಳಿಗೆ ತಪ್ಪು ಕಾಗುಣಿತದಲ್ಲೇ ವಿವರವಾಗಿ ಬರೆದಳು. 1814ರಲ್ಲಿ ಕ್ಷಮಾದಾನ ಸಿಕ್ಕಿತು. ಮದುವೆಯಾಗಲಿಲ್ಲ. 1819ರಲ್ಲಿ, ಕಾಯಿಲೆಯವರ ಆರೈಕೆಗೆ ಹೋಗಿ ತಗುಲಿದ ಜ್ವರದಿಂದ ತೀರಿಕೊಂಡಳು. ಯಜಮಾನರ ಮಗನೇ 1845ರಲ್ಲಿ ಅವಳ ಕಥೆ ಬರೆದು, ಅದರಲ್ಲಿ ಅವಳಿಗೆ ಮದುವೆ ಮಾಡಿಸಿದ. ಬಹುಕಾಲ ಜನ ನಂಬಿದ್ದು ಅವಳ ಪತ್ರಗಳನ್ನಲ್ಲ, ಆ ಕಥೆಯನ್ನು.

ಕರಿನೀರಿನ ಶಿಕ್ಷೆ ಎಂದರೆ ನಮಗೆ ಅಂಡಮಾನ್ ನೆನಪಾಗುತ್ತದೆ. ಅದೂ ಇದೇ ಆಡಳಿತದ ಕೈಚಳಕ. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಗಡೀಪಾರನ್ನು 1955ರ ತಿದ್ದುಪಡಿ ತೆಗೆದುಹಾಕಿತು. ಮನೆಯಾಳಿನ ಕಳ್ಳತನಕ್ಕಿದ್ದ ಪ್ರತ್ಯೇಕ ಕಲಂ ಉಳಿಯಿತು: ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಸಜೆಯಾದರೆ, ಕೆಲಸಕ್ಕಿರುವ ಕಡೆಯ ಮಾಲು ಕದ್ದರೆ ಏಳು ವರ್ಷದವರೆಗೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 306ನೇ ಕಲಂ. ಮನೆಗೆಲಸಕ್ಕೆ ಇಷ್ಟು ಸಂಬಳ ಕೊಡಲೇಬೇಕೆಂದು ಕರ್ನಾಟಕ ಕನಿಷ್ಠ ವೇತನ ನಿಗದಿ ಮಾಡಿದ್ದು 2004ರಲ್ಲಿ.